ನಮ್ಮ ಡಬ್ಬಿ ಎಲ್ಲಿ ನಿಲ್ಲುವುದು?



ನರೋಣಾದಂಥ ಊರಿನ ನಮಗೆ ರೈಲೆಂದರೆ ಕಲಬುರಗಿಯೇ. ಬಸ್ಸು ಹಿಡಿದು, ಗಂಟು-ಮೂಟೆ, ಖಡಕ್ ರೊಟ್ಟಿಯ ಬುತ್ತಿ, ಮಕ್ಕಳು-ಮರಿಗಳೊಂದಿಗೆ ನಿಲ್ದಾಣ ಮುಟ್ಟಿದಾಗಲೇ ಅರ್ಧ ಪ್ರಯಾಣ ಮುಗಿದ ದಣಿವು. ರೈಲು ಅಲ್ಲಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರೊಳಗೆ ನಮ್ಮ ಡಬ್ಬಿಯನ್ನು ಕಂಡುಹಿಡಿದು ಹತ್ತಬೇಕು. ಈ ಚಿಕ್ಕ ಸಂಗತಿಯ ಬಗೆಗೆ ಬರೆಯಲು ಕಾರಣವಾದದ್ದು ಕಳೆದ ವರ್ಷ ನಮಗೇ ಒದಗಿದ ಒಂದು ಫಜೀತಿ.

ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ವೃದ್ಧ ಮಾತೃಶ್ರೀಯವರನ್ನು ಕರೆದುಕೊಂಡು ರಾತ್ರಿಯ ರೈಲಿಗೆ ಬೆಂಗಳೂರಿಗೆ ಹೊರಟಿದ್ದೆವು. ಟಿಕೇಟಿನಲ್ಲಿ ಎಸ್ 2 ಎಂದಿತ್ತು. 'ತಮ್ಮಾ, ನಮ್ಮ ಡಬ್ಬಿ ಎಲ್ಲಿ ನಿಂದರ್ತದ?' ಎಂದು ತಾಯಿಯವರು ಕೇಳಿದಾಗ, ಬಲ್ಲವರಂತೆ ಮೊಬೈಲು ತೆರೆದು ನೋಡಿದೆವು. ಬೋಗಿಗಳ ಸಾಲಿನ ಚಿತ್ರದಲ್ಲಿ ಎಡತುದಿಗೆ ಇಂಜಿನ್ನು, ಅದರ ಹಿಂದೆ ಸಾಮಾನ್ಯ ಬೋಗಿ, ಬಳಿಕ ಎಸ್ 1, ಎಸ್ 2. ಸರಿ, ಹಳಿಯ ಕಡೆ ಮುಖ ಮಾಡಿ ನಿಂತು, ನಮ್ಮ ಎಡಗಡೆಯ ತುದಿಗೆ ಹೋಗಿ ಕುಳಿತೆವು. ರೈಲು ಅದೇ ಎಡಗಡೆಯಿಂದ ಬಂದಿತು. ಇಂಜಿನ್ನು ನಮ್ಮನ್ನು ದಾಟಿ ಬಲತುದಿಯವರೆಗೂ ಸಾಗಿಹೋಯಿತು. ನಮ್ಮೆದುರು ನಿಂತದ್ದು ಬಾಲದ ಕಡೆಯ ಸಾಮಾನ್ಯ ಬೋಗಿ! ಗಾಬರಿಯಲ್ಲಿ ತಾಯಿಯವರನ್ನು ಅದಕ್ಕೇ ಹತ್ತಿಸಿದೆವು. ಹಿಂದಿನಿಂದ ನುಗ್ಗಿದ ಜನರ ನೂಕಿಗೆ ನಾವು ಕೆಳಗೇ ಉಳಿದು, ಪಕ್ಕದ ಬೋಗಿಯ ಬಾಗಿಲು ಹಿಡಿಯುವಷ್ಟರಲ್ಲಿ ರೈಲು ಹೊರಟಿತು. ಎರಡು ಬೋಗಿಗಳ ನಡುವೆ ದಾರಿ ಇರಲಿಲ್ಲ. ಕಣ್ಣು ಮಂಜಾದ ಎಪ್ಪತ್ತೆಂಟರ ವೃದ್ಧೆ ಆ ಗದ್ದಲದಲ್ಲಿ ಒಬ್ಬರೇ. ವಾಡಿಯಲ್ಲಿ ಇಳಿದು ಓಡಿಹೋಗಿ ನೋಡಿದರೆ, ಕೂಲಿಗೆಂದು ಬೆಂಗಳೂರಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಅವರನ್ನು ತನ್ನ ಗಂಟಿನ ಮೇಲೆ ಕೂಡಿಸಿ, ತಾನು ನಿಂತಿದ್ದಳು. ಆ ತಾಯಿಯ ಹೆಸರನ್ನೂ ಕೇಳಲಿಲ್ಲವೆಂಬ ಕೊರಗು ನಮಗೆ ಇಂದಿಗೂ ಇದೆ.

ತಪ್ಪು ಚಿತ್ರದ್ದಲ್ಲ, ಓದಿದ ನಮ್ಮದು. ಬೋಗಿಗಳ ಕ್ರಮವನ್ನು ಎಣಿಸುವುದು ಇಂಜಿನ್ನಿನಿಂದಲೇ ಹೊರತು ನಮ್ಮ ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ. ಒಂದೇ ನಿಲ್ದಾಣದಲ್ಲಿ ಹಳಿಯ ಈಚೆ ನಿಂತವನ ಎಡ, ಆಚೆ ನಿಂತವನಿಗೆ ಬಲವಾಗುತ್ತದೆ. ಆದುದರಿಂದ ಊರಿನ ಹೆಸರಿನಿಂದಲೇ ದಿಕ್ಕನ್ನು ಹೇಳಿಕೊಳ್ಳುವುದು ಕ್ಷೇಮ. ಕಲಬುರಗಿಯಲ್ಲಿ ಬೆಂಗಳೂರು, ಹೈದರಾಬಾದುಗಳ ಕಡೆಗೆ ಹೋಗುವ ರೈಲಿನ ಇಂಜಿನ್ನು ವಾಡಿಯ ಕಡೆ ಇರುತ್ತದೆ. ಮುಂಬಯಿ, ಪುಣೆಗಳ ಕಡೆಗೆ ಹೋಗುವುದರ ಇಂಜಿನ್ನು ಸೊಲ್ಲಾಪುರದ ಕಡೆ. ಇಷ್ಟು ತಿಳಿದ ಮೇಲೆ ಇಂಜಿನ್ನಿನಿಂದ ನಮ್ಮದು ಎಷ್ಟನೆಯ ಬೋಗಿ ಎಂದು ಎಣಿಸಿದರಾಯಿತು.

ಎಣಿಕೆ ತಪ್ಪಿದರೆ ಎಷ್ಟು ದೂರ ಓಡಬೇಕಾದೀತು? ಈಗಿನ ಹೊಸ ಮಾದರಿಯ ಬೋಗಿಯೊಂದರ ಉದ್ದ ಸುಮಾರು 24 ಮೀಟರು. 22 ಬೋಗಿಗಳ ರೈಲು ಅರ್ಧ ಕಿಲೋಮೀಟರನ್ನೂ ಮೀರುತ್ತದೆ. ತರುಣರೇ ಏದುಸಿರು ಬಿಡುವ ಈ ದೂರವನ್ನು ಮೊಣಕಾಲು ನೋವಿನ ಅಜ್ಜಿಯಂದಿರು, ಕೂಸನ್ನೆತ್ತಿದ ಬಾಣಂತಿಯರು ಓಡುವುದೆಂತು?

ಅಕ್ಷರಗಳ ಸಂಕೇತ ಕಠಿಣವಾದುದೇನಲ್ಲ. ಎಸ್ ಎಂದರೆ ಸ್ಲೀಪರ್, ಬಿ ಎಂದರೆ ಮೂರು ಹಂತದ ಎ.ಸಿ., ಎ ಎಂದರೆ ಎರಡು ಹಂತದ್ದು, ಎಚ್ ಎಂದರೆ ಮೊದಲನೆಯ ದರ್ಜೆಯ ಎ.ಸಿ. ಸಾಮಾನ್ಯ ಬೋಗಿಗಳು ಬಹುತೇಕ ರೈಲುಗಳಲ್ಲಿ ತುದಿಗಳಲ್ಲಿರುತ್ತವೆ. ದೊಡ್ಡ ನಿಲ್ದಾಣಗಳಲ್ಲಿ ತಲೆಯ ಮೇಲಿನ ವಿದ್ಯುತ್ ಫಲಕದಲ್ಲಿ, ಯಾವ ಬೋಗಿ ಅಲ್ಲಿ ನಿಲ್ಲುವುದೆಂದು ರೈಲು ಬರುವ ಮುನ್ನ ತೋರಿಸುತ್ತಾರೆ. ರೈಲ್ವೆಯವರ ಎನ್‌ಟಿಇಎಸ್ ಎಂಬ ಮೊಬೈಲ್ ಆ್ಯಪಿನಲ್ಲಿಯೂ ಕ್ರಮವು ದೊರೆಯುತ್ತದೆ. ಮೊದಲು ಬೋಗಿಯ ಬಾಗಿಲ ಬಳಿ ಹೆಸರಿನ ಪಟ್ಟಿ ಅಂಟಿಸುತ್ತಿದ್ದರು. 2018ರಿಂದ ದೊಡ್ಡ ನಿಲ್ದಾಣಗಳಲ್ಲಿ ಆ ಪದ್ಧತಿ ನಿಂತುಹೋಯಿತು. ಹೆಸರು ಹುಡುಕುತ್ತ ನಿಲ್ಲುವ ಹಿರಿಯರಿಗೆ ಇದನ್ನು ಮನೆಯಲ್ಲಿಯೇ ತಿಳಿಸಿರಬೇಕು. ಒಮ್ಮೊಮ್ಮೆ ಹೆಚ್ಚಿನ ಬೋಗಿ ಸೇರಿ ಕ್ರಮ ಬದಲಾಗುವುದೂ ಉಂಟು. ಆಗ ನಮಗೆ ಯಂತ್ರಕ್ಕಿಂತ ನಿಲ್ದಾಣದ ಹಮಾಲರ ಮಾತೇ ಹೆಚ್ಚು ನೆಚ್ಚಿಗೆಯದಾಗಿ ಕಂಡಿದೆ. ನಿತ್ಯ ಅದೇ ರೈಲನ್ನು ನೋಡುವ ಕಣ್ಣು ಅವರದು.

ಇಷ್ಟಾದರೂ ಎಣಿಕೆ ತಪ್ಪಿತೆನ್ನಿ. ಓಡಬೇಡಿರಿ. ಸಮೀಪದ ಸ್ಲೀಪರ್ ಅಥವಾ ಎ.ಸಿ. ಬೋಗಿಗೆ ಎಲ್ಲರೂ ಒಟ್ಟಿಗೆ ಹತ್ತಿರಿ. ಕಾಯ್ದಿರಿಸಿದ ಬೋಗಿಗಳ ನಡುವೆ ಸಾಮಾನ್ಯವಾಗಿ ಒಳದಾರಿ ಇರುವುದರಿಂದ, ರೈಲು ಹೊರಟ ಬಳಿಕ ನಿಧಾನವಾಗಿ ನಡೆದು ಸೇರಬಹುದು. ಸಾಮಾನ್ಯ ಬೋಗಿಗೆ ಈ ಒಳದಾರಿಯನ್ನು ನೆಚ್ಚುವಂತಿಲ್ಲ. ನಮ್ಮ ಫಜೀತಿಯ ಮೂಲ ಅದೇ. 2024ರ ಮಾರ್ಚಿನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಆರಂಭವಾದ ವಂದೇ ಭಾರತ್ ರೈಲಿನ ಬಾಗಿಲುಗಳು ತಾವೇ ಮುಚ್ಚಿಕೊಳ್ಳುವುದರಿಂದ, ಚಲಿಸುವಾಗ ಹತ್ತುವ ಮಾತೇ ಇಲ್ಲ. ಸರಪಳಿ ಎಳೆಯುವೆವೆಂಬ ಧೈರ್ಯವೂ ಬೇಡ: ಸಕಾರಣವಿಲ್ಲದೆ ಎಳೆದರೆ 1989ರ ರೈಲ್ವೆ ಕಾಯ್ದೆಯಂತೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು.

ಕೂಡಲಸಂಗಮಕ್ಕೆ ಬಸವ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಮೈಸೂರಿನಿಂದ ಬಾಗಲಕೋಟೆಗೆ ಹೋಗುವ ಈ ರೈಲು ಕಲಬುರಗಿಯಿಂದ ಹೊಟಗಿ ದಾಟಿ ಸೊಲ್ಲಾಪುರಕ್ಕೆ ಹೋಗುತ್ತದೆ. ವಿಜಯಪುರದ ಹಾದಿಯಾದರೋ ಹೊಟಗಿಯಲ್ಲಿಯೇ ಕವಲೊಡೆಯುತ್ತದೆ. ಆದಕಾರಣ ಸೊಲ್ಲಾಪುರದಲ್ಲಿ ಇಂಜಿನ್ನು ಮತ್ತೊಂದು ತುದಿಗೆ ಬಂದು, ರೈಲು ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಕಲಬುರಗಿಯಲ್ಲಿ ಮುಂದಿದ್ದ ಬೋಗಿ ವಿಜಯಪುರದಲ್ಲಿ ಹಿಂದಾಗುತ್ತದೆ. ಮರಳಿ ಬರುವಾಗಲೂ ಹಾಗೆಯೇ. ಬಾಗಲಕೋಟೆಯಲ್ಲಿ ಇಂಜಿನ್ನಿನ ಹತ್ತಿರವೇ ಹತ್ತಿದವರು ಕಲಬುರಗಿಯಲ್ಲಿ ಬಾಲದ ಕಡೆ, ಅಂದರೆ ಸೊಲ್ಲಾಪುರದ ದಿಕ್ಕಿನಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಬರುವ ಮಗನೋ ಅಳಿಯನೋ ಅಲ್ಲಿಯೇ ಕಾಯುವಂತೆ ರೈಲು ಸೊಲ್ಲಾಪುರ ಬಿಟ್ಟ ಮೇಲೆ ಒಂದು ಫೋನು ಮಾಡಿ ತಿಳಿಸಿರಿ.