ರ‍್ಯಾಪರ್ ಗಿಟಾರ್ ಹಿಡಿದರೆ ಯಾರಪ್ಪನ ಗಂಟು ಹೋಯ್ತು?

2015ರ ಡಿಸೆಂಬರಿನಲ್ಲಿ ಕಿಡ್ ಕಡಿ ಎಂಬ ಅಮೆರಿಕದ ರ‍್ಯಾಪರ್ ‘ಸ್ಪೀಡಿನ್ ಬುಲೆಟ್ ಟು ಹೆವನ್’ ಅನ್ನೋ ಆಲ್ಬಂ ಬಿಟ್ಟ. ಅದರಲ್ಲಿ ರ‍್ಯಾಪ್ ಹುಡುಕಿದರೂ ಸಿಗಲ್ಲ. ಗಿಟಾರು, ಬೇಸು, ಒರಟು ದನಿ, ನಡುನಡುವೆ ಕಿರುಚಾಟ. ತೊಂಬತ್ತರ ದಶಕದ ಗ್ರಂಜ್ ಕೇಳಿ ಬೆಳೆದವರಿಗೆ ಗುರುತು ಸಿಗುವಂಥ ಆಲ್ಟರ್ನೇಟಿವ್ ರಾಕ್. ಸಾಲದ್ದಕ್ಕೆ ಬೀವಿಸ್ ಮತ್ತು ಬಟ್‌ಹೆಡ್ ಎಂಬ ಕಾರ್ಟೂನ್ ಪಾತ್ರಗಳ ಹರಟೆ ಬೇರೆ. ಕೇಳುಗರು ಎರಡು ಪಾಲಾದರು. ಚಿಕ್ಕ ಪಾಲು ‘ಎದೆ ಬಗೆದು ತೋರಿಸಿದ್ದಾನೆ’ ಅಂದಿತು. ದೊಡ್ಡ ಪಾಲು ನಕ್ಕಿತು.

ಇಷ್ಟ ಆಗಲಿಲ್ಲ ಅನ್ನೋರ ಜತೆ ನನ್ನದೇನೂ ತಕರಾರಿಲ್ಲ. ಸುಮಾರು ಒಂದೂವರೆ ಗಂಟೆಯ ಆಲ್ಬಂ ಅದು, ನನ್ನ ಕೈಗೆ ಕತ್ತರಿ ಕೊಟ್ಟರೆ ಅರ್ಧ ಕಿತ್ತು ಹಾಕ್ತೀನಿ. ಶ್ರುತಿ ಜಾರುತ್ತೆ. ಕೆಲವು ಹಾಡು ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತುತ್ತೆ. ನನ್ನ ಜಗಳ ಇನ್ನೊಂದು ಮಾತಿನ ಮೇಲೆ: ‘ರ‍್ಯಾಪ್ ಮಾಡ್ಕೊಂಡು ತೆಪ್ಪಗಿರೋದು ಬಿಟ್ಟು ಇವನಿಗ್ಯಾಕೆ ಬೇಕಿತ್ತು ರಾಕು?’ ಇದು ಹಾಡಿನ ವಿಮರ್ಶೆ ಅಲ್ಲ ಸ್ವಾಮಿ, ಹಾಡುವವನಿಗೆ ಅವನ ಜಾಗ ತೋರಿಸೋದು. ನಾನು ಹಳ್ಳಿಯಿಂದ ಬಂದೋನು. ‘ನಿಂಗ್ಯಾಕೆ ಇದೆಲ್ಲ’ ಅನ್ನೋ ರಾಗ ಎಷ್ಟು ದೂರದಿಂದ ಕೇಳಿದರೂ ನನಗೆ ಗೊತ್ತಾಗುತ್ತೆ.

ಅಷ್ಟಕ್ಕೂ ರಾಕ್ ಯಾರ ಮನೆ ಆಸ್ತಿ? 1920ರ ದಶಕದಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಹಾಡುಗಳನ್ನು ‘ರೇಸ್ ರೆಕಾರ್ಡ್ಸ್’ ಅಂತಲೂ, ಬಿಳಿ ಹಳ್ಳಿಗರ ಹಾಡುಗಳನ್ನು ‘ಹಿಲ್‌ಬಿಲಿ’ ಅಂತಲೂ ಬೇರೆ ಬೇರೆ ಡಬ್ಬಕ್ಕೆ ಹಾಕಿ ಮಾರಿದವು. ಹಾಡೋರು ಮಾತ್ರ ಒಬ್ಬರದನ್ನೊಬ್ಬರು ಕೇಳಿಕೊಂಡೇ ಬೆಳೆದಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಪಟ್ಟಿಯ ಹೆಸರನ್ನು ‘ರಿದಮ್ ಅಂಡ್ ಬ್ಲೂಸ್’ ಅಂತ ಬದಲಾಯಿಸಿತು. ಹೆಸರು ಬದಲಾಯ್ತು, ಡಬ್ಬ ಅದೇ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಕಪ್ಪು ಹೆಣ್ಣುಮಗಳು ದೇವರ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸಿ, ಮುಂದೆ ಬಂದ ಚಕ್ ಬೆರಿ, ಲಿಟಲ್ ರಿಚರ್ಡ್ ಅಂಥವರಿಗೆ ದಾರಿ ಹಾಕಿಕೊಟ್ಟಳು. 1973ರಲ್ಲಿ ತೀರಿಕೊಂಡಳು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರಿಗೆ ಆಕೆಯ ನೆನಪಾಗಿದ್ದು 2018ರಲ್ಲಿ! ಆ ಹಾಲ್ ಇರೋದು ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ. ಕಿಡ್ ಕಡಿ ಹುಟ್ಟಿದ್ದೂ ಅದೇ ಕ್ಲೀವ್‌ಲ್ಯಾಂಡಿನಲ್ಲಿ. ಇನ್ನು ಅವನೇ ಹೊರಗಿನವನು ಅಂದರೆ ಒಳಗಿನವರು ಯಾರಪ್ಪಾ?

ಈಗ ತಿರುವುಮುರುವು ನೋಡಿ. ನ್ಯೂಯಾರ್ಕಿನ ಬೀಸ್ಟೀ ಬಾಯ್ಸ್ ಶುರು ಮಾಡಿದ್ದು ಪಂಕ್ ಬ್ಯಾಂಡ್ ಆಗಿ. ಬಿಳಿ ಹುಡುಗರು. ಅಲ್ಲಿಂದ ರ‍್ಯಾಪಿಗೆ ಬಂದು 1986ರಲ್ಲಿ ಬಿಟ್ಟ ಆಲ್ಬಂ ಬಿಲ್‌ಬೋರ್ಡಿನ ಮೊದಲ ಸ್ಥಾನಕ್ಕೇರಿದ ಮೊದಲ ರ‍್ಯಾಪ್ ಆಲ್ಬಂ ಆಯ್ತು. ಅದನ್ನ ಇವತ್ತು ಪ್ರಯೋಗ, ಧೈರ್ಯ ಅಂತ ಕೊಂಡಾಡ್ತಾರೆ. ಅದೇ ದಾರಿಯಲ್ಲಿ ಕಪ್ಪು ಹುಡುಗ ಎದುರುಗಡೆಯಿಂದ ಬಂದರೆ ತಮಾಷೆ. ನಮ್ಮ ಫೀಲ್ಡಲ್ಲಿ ಜಾವಾ ಬರೆಯೋನು ಪೈಥಾನ್ ಕಲಿತರೆ ಅಪ್ರೈಸಲ್ಲಿನಲ್ಲಿ ಬೆನ್ನಾದರೂ ತಟ್ಟುತ್ತಾರೆ (ಸಂಬಳ ಏರಿಸಲ್ಲ, ಅದು ಬೇರೆ ಮಾತು).

‘ಲಿಲ್ ವೇನ್ ಕೂಡ 2010ರಲ್ಲಿ “ರೀಬರ್ತ್” ಅಂತ ರಾಕ್ ಆಲ್ಬಂ ಮಾಡಿ ಮುಖಕ್ಕೆ ಮಂಗಳಾರತಿ ಮಾಡಿಸಿಕೊಳ್ಳಲಿಲ್ವಾ?’ ಅಂತೀರಿ. ಹೌದು, ಅದು ನನಗೂ ಸೇರಲಿಲ್ಲ. ಅವನು ರಾಕನ್ನ ವೇಷದ ಹಾಗೆ ತೊಟ್ಟುಕೊಂಡಿದ್ದ. ಕಡಿ ಕತೆ ಹಾಗಲ್ಲ. 2009ರ ಅವನ ಮೊದಲ ಆಲ್ಬಂ ‘ಮ್ಯಾನ್ ಆನ್ ದ ಮೂನ್’ನಲ್ಲೇ ಎಂಜಿಎಂಟಿ, ರಾಟಟ್ಯಾಟ್ ಬ್ಯಾಂಡುಗಳು ಜತೆಗಿದ್ದವು. 2012ರಲ್ಲಿ ಗೆಳೆಯ ಡಾಟ್ ಡ ಜೀನಿಯಸ್ ಜತೆ ಸೇರಿ ‘ವಿಝರ್ಡ್’ ಅಂತ ಒಂದು ರಾಕ್ ಆಲ್ಬಂ ಮಾಡಿಯೂ ಆಗಿತ್ತು. ಅವನು ಯಾವತ್ತೂ ಅರ್ಧ ರ‍್ಯಾಪ್, ಅರ್ಧ ಗುನುಗು. ದಿಢೀರ್ ಅಂತ ದಾರಿ ತಪ್ಪಿದ ಅನ್ನೋರು ಮುಂಚೆ ಏನು ಕೇಳ್ತಾ ಇದ್ರೋ!

ಇಷ್ಟಕ್ಕೂ ಆ ಆಲ್ಬಂ ತುಂಬ ಇದ್ದದ್ದು ಏನು? ಬದುಕು ಬೇಡವಾದವನ ಮಾತು. ಸುತ್ತಿ ಬಳಸಿ ಅಲ್ಲ, ನೇರವಾಗಿಯೇ. ಲಯಕ್ಕೆ ಪ್ರಾಸ ಪೋಣಿಸಿ ಹೇಳೋಕಾಗದ್ದನ್ನ ಬರೀ ಗಂಟಲಲ್ಲಿ ಹೇಳೋಕೆ ಗಿಟಾರ್ ಹಿಡಿದ ಅಂತ ನನಗನ್ನಿಸುತ್ತೆ. ಜನ ಅದಕ್ಕೆ ಮಾರ್ಕ್ಸ್ ಕೊಡೋಕೆ ಕೂತರು. ರ‍್ಯಾಪೋ ರಾಕೋ, ಶ್ರುತಿ ಇದೆಯೋ ಇಲ್ಲವೋ, ಇದೇ ಚರ್ಚೆ.

2016ರ ಅಕ್ಟೋಬರಿನಲ್ಲಿ ಅವನೇ ಬಹಿರಂಗವಾಗಿ ಬರೆದ: ಖಿನ್ನತೆ, ಸಾಯಬೇಕು ಅನ್ನೋ ತುಡಿತ, ತಾನಾಗಿಯೇ ಚಿಕಿತ್ಸೆಗೆ ಸೇರಿಕೊಂಡಿದ್ದೇನೆ ಅಂತ. ಜನರ ನಗುವೇ ಅವನನ್ನ ಅಲ್ಲಿಗೆ ತಂದಿತು ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋಕೆ ನಾನ್ಯಾರು? ಆದರೆ ಅವತ್ತು ‘ಪಾಪ, ಮೊದಲೇ ಹೇಳಬಾರದಿತ್ತಾ’ ಅಂತ ಮರುಗಿದೋರು ಬಹಳ ಜನ. ಹೇಳಿದ್ದ ಮಾರಾಯ್ರೆ, ಹತ್ತು ತಿಂಗಳ ಹಿಂದೆ, ಒಂದೂವರೆ ಗಂಟೆ ಉದ್ದಕ್ಕೂ.

ಆ ಡಿಸೆಂಬರಿನಲ್ಲಿ ಅವನ ಮುಂದಿನ ಆಲ್ಬಂ ಬಂತು. ಅದರಲ್ಲಿ ರ‍್ಯಾಪ್ ಇತ್ತು. ‘ಹಳೇ ಕಡಿ ವಾಪಸ್ ಬಂದ’ ಅಂತ ಸಂಭ್ರಮಿಸಿದರು.