ನಮ್ಮ ಹಾಡು, ಅವರ ಬೀಗ

ಮನೆ ಬದಲಿಸುವ ಗಡಿಬಿಡಿಯಲ್ಲಿ ಕಪಾಟಿನ ತಳದಿಂದ ಹಳೆಯ ಸಂಗೀತಯಂತ್ರವೊಂದು ಹೊರಬಂತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. 2006ರಲ್ಲಿ ಪರದೇಶದಲ್ಲಿದ್ದ ತಮ್ಮ ತಂದುಕೊಟ್ಟದ್ದು. ಅದರಲ್ಲಿ ನಾನು ದುಡ್ಡು ಕೊಟ್ಟು ಕೊಂಡ ಸಿ.ಡಿ.ಗಳಿಂದ ತುಂಬಿಸಿಕೊಂಡ ಕಛೇರಿಗಳಿದ್ದವು, ಒಂದಷ್ಟು ಚಿತ್ರಗೀತೆಗಳಿದ್ದವು. ಜೊತೆಗೆ ಅಮ್ಮ ಹಾಡಿದ ಹನ್ನೊಂದು ಹಸೆಹಾಡು, ಆರತಿ ಹಾಡುಗಳೂ ಇದ್ದವು. ಮಗಳ ನಾಮಕರಣದ ದಿನ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ ಅವನ್ನು ಗೆಳೆಯರೊಬ್ಬರು ಗಣಕಯಂತ್ರಕ್ಕೆ ಏರಿಸಿಕೊಟ್ಟಿದ್ದರು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು, ಆ ಗಣಕಯಂತ್ರ ಗುಜರಿ ಸೇರಿತು. ಅಮ್ಮನೂ ಈಗ ಇಲ್ಲ. ಉಳಿದದ್ದು ಈ ಯಂತ್ರವೊಂದೇ.

ಅದನ್ನು ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದಾಗ ತಂತ್ರಾಂಶ ಒಂದು ಪ್ರಶ್ನೆ ಕೇಳಿತು. ಈ ಯಂತ್ರ ಬೇರೊಂದು ಗಣಕಯಂತ್ರದ ಸಂಗ್ರಹಕ್ಕೆ ಸೇರಿದ್ದು. ಇದರಲ್ಲಿರುವುದನ್ನೆಲ್ಲ ಅಳಿಸಿ ಹೊಸದನ್ನು ತುಂಬಲೇ ಎಂಬುದು ಅದರ ತಾತ್ಪರ್ಯ. ಒಳಗಿರುವುದನ್ನು ಹೊರಗೆ ತೆಗೆದುಕೊಡಲೇ ಎಂದು ಮಾತ್ರ ಅದು ಕೇಳಲಿಲ್ಲ. ಅಂಥ ಗುಂಡಿಯೇ ಅದರಲ್ಲಿ ಇರಲಿಲ್ಲ. ಹೆತ್ತ ತಾಯಿಯ ದನಿಯನ್ನು ಮಗನಿಂದ ಕಾಪಾಡುವ ಈ ಕಟ್ಟೆಚ್ಚರ ಯಾರ ಹಿತಕ್ಕಾಗಿ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಇದು ತಂತ್ರಜ್ಞಾನದ ಕೊರತೆಯಲ್ಲ, ಉದ್ದೇಶಪೂರ್ವಕ ವಿನ್ಯಾಸ. 1998ರಲ್ಲಿ ರಿಯೋ ಪಿಎಂಪಿ300 ಎಂಬ ಪುಟ್ಟ ಎಂಪಿ3 ಯಂತ್ರ ಮಾರುಕಟ್ಟೆಗೆ ಬಂದಾಗ ಅಮೆರಿಕದ ಧ್ವನಿಮುದ್ರಣ ಕಂಪೆನಿಗಳ ಸಂಘ ಅದನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲೇರಿತು. 1999ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ತಯಾರಕರ ಪರವಾಗಿಯೇ ತೀರ್ಪಿತ್ತಿತು. ತನ್ನ ಬಳಿ ಇರುವ ಸಂಗೀತವನ್ನು ಎಲ್ಲಿಗಾದರೂ ಕೊಂಡೊಯ್ದು ಕೇಳುವುದು ಖಾಸಗಿ ಬಳಕೆ ಎಂಬುದನ್ನು ಅದು ಒಪ್ಪಿತು. ಆದರೆ ಅದೇ ತೀರ್ಪಿನಲ್ಲಿ ಮತ್ತೊಂದು ಅಂಶವೂ ದಾಖಲಾಗಿದೆ: ಈ ಯಂತ್ರದೊಳಕ್ಕೆ ಹಾಡು ಹೋಗಬಹುದೇ ಹೊರತು ಇದರಿಂದ ಮತ್ತೊಂದು ಯಂತ್ರಕ್ಕೆ ಹೋಗಲಾರದು. ಏಕಮುಖ ಸಂಚಾರವೇ ಕಾನೂನಿನ ದೃಷ್ಟಿಯಿಂದ ಕ್ಷೇಮ ಎಂಬ ಭಾವನೆ ಉದ್ಯಮದಲ್ಲಿ ಬೇರೂರಿದ್ದರೆ ಅಚ್ಚರಿಯೇನಿಲ್ಲ.

2001ರ ಅಕ್ಟೋಬರ್‌ನಲ್ಲಿ ಬಂದ ಐಪಾಡ್ ಕೂಡ ಇದೇ ಹಾದಿ ಹಿಡಿಯಿತು. ಹಾಡುಗಳು ಅದರೊಳಗೆ ಕಣ್ಣಿಗೆ ಕಾಣದ ಕಡತಕೋಶಗಳಲ್ಲಿ, ಅರ್ಥವಿಲ್ಲದ ನಾಲ್ಕಕ್ಷರದ ಹೆಸರುಗಳಡಿ ಕುಳಿತಿರುತ್ತಿದ್ದವು. ಸೋನಿಯ ಮಿನಿಡಿಸ್ಕ್ ಇನ್ನೂ ವಿಚಿತ್ರ. 2001ರಲ್ಲಿ ಬಂದ ಅದರ ನೆಟ್‌ಎಂಡಿ ಮಾದರಿಗಳಲ್ಲಿ ಗಣಕಯಂತ್ರದಿಂದ ಹಾಡು ಇಳಿಸಬಹುದಿತ್ತು. ಆದರೆ ಸ್ವತಃ ಮೈಕ್ ಹಿಡಿದು ಮುದ್ರಿಸಿಕೊಂಡದ್ದನ್ನು ಡಿಜಿಟಲ್ ರೂಪದಲ್ಲೇ ಗಣಕಯಂತ್ರಕ್ಕೆ ಸಾಗಿಸುವಂತಿರಲಿಲ್ಲ. ತನ್ನದೇ ಅಭ್ಯಾಸವನ್ನು ಮುದ್ರಿಸಿಕೊಂಡ ಸಂಗೀತ ವಿದ್ಯಾರ್ಥಿಯೂ ಕಳ್ಳನ ಸಾಲಿನಲ್ಲೇ ನಿಲ್ಲಬೇಕಾಯಿತು. 2004ರ ಹೈ-ಎಂಡಿ ಈ ಕಟ್ಟನ್ನು ಸ್ವಲ್ಪ ಸಡಿಲಿಸಿತು. ಹಳೆಯ ಡಿಸ್ಕುಗಳಿಗೆ ಆ ಭಾಗ್ಯ ಒದಗಿದ್ದು 2006ರಲ್ಲಿ, ಆ ತಂತ್ರಜ್ಞಾನವೇ ಮೂಲೆ ಸೇರುತ್ತಿದ್ದ ಹೊತ್ತಿಗೆ.

ಇನ್ನು ಕೊಂಡ ಹಾಡುಗಳ ಕಥೆ. ಆಪಲ್ ತನ್ನ ಸಂಗೀತ ಮಳಿಗೆಯನ್ನು 2003ರ ಏಪ್ರಿಲ್‌ನಲ್ಲಿ ತೆರೆದಾಗ ಪ್ರತಿ ಹಾಡಿಗೂ ಫೇರ್‌ಪ್ಲೇ ಎಂಬ ಬೀಗವಿತ್ತು. ಮೊದಲು ಮೂರು, 2004ರಿಂದ ಐದು ಗಣಕಯಂತ್ರಗಳಲ್ಲಿ ಮಾತ್ರ ಅದನ್ನು ನುಡಿಸಬಹುದಿತ್ತು. 2005ರಲ್ಲಿ ಸೋನಿ ಬಿಎಂಜಿಯ ಸಿ.ಡಿ.ಗಳು ನಕಲು ತಡೆಯುವ ನೆಪದಲ್ಲಿ ಗ್ರಾಹಕರ ಗಣಕಯಂತ್ರದೊಳಗೆ ಗುಟ್ಟಾಗಿ ತಂತ್ರಾಂಶ ನೆಡುತ್ತಿದ್ದುದು ಬಯಲಾಗಿ, ಕಂಪೆನಿ ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮೈಕ್ರೋಸಾಫ್ಟ್‌ನದಂತೂ ಪ್ರಹಸನವೇ ಸರಿ. 'ಖಂಡಿತ ನುಡಿಯುತ್ತದೆ' ಎಂಬರ್ಥದ ಪ್ಲೇಸ್‌ಫಾರ್‌ಶೂರ್ ಎಂಬ ಮುದ್ರೆಯನ್ನು 2004ರಲ್ಲಿ ಒತ್ತಿದ ಆ ಸಂಸ್ಥೆ 2006ರಲ್ಲಿ ತಾನೇ ತಂದ ಝೂನ್ ಯಂತ್ರದಲ್ಲಿ ಆ ಮುದ್ರೆಯ ಹಾಡುಗಳು ನುಡಿಯುತ್ತಿರಲಿಲ್ಲ! 2008ರ ಏಪ್ರಿಲ್‌ನಲ್ಲಿ ಎಂಎಸ್‌ಎನ್ ಮ್ಯೂಸಿಕ್‌ನ ಪರವಾನಗಿ ಸರ್ವರ್‌ಗಳನ್ನೇ ನಿಲ್ಲಿಸುವುದಾಗಿ ಅದು ಘೋಷಿಸಿತು. ಅಂದರೆ, ಗಣಕಯಂತ್ರ ಬದಲಿಸಿದವರು ಕೊಂಡ ಹಾಡನ್ನು ಮರೆಯಬೇಕಿತ್ತು. ಪ್ರತಿಭಟನೆ ಎದ್ದ ಮೇಲೆ ಗಡುವು 2011ಕ್ಕೆ ಮುಂದೂಡಿತು.

ಇಷ್ಟೆಲ್ಲ ಬೀಗಗಳಿಂದ ಆದ ಲಾಭವೇನು? 2007ರ ಫೆಬ್ರುವರಿಯಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವೊಂದರಲ್ಲಿ ಕೊಟ್ಟ ಲೆಕ್ಕ ಗಮನಾರ್ಹ. 2006ರ ಅಂತ್ಯದವರೆಗೆ ಮಾರಾಟವಾದ ಐಪಾಡ್‌ಗಳು 9 ಕೋಟಿ, ಅವರ ಮಳಿಗೆಯಲ್ಲಿ ಬಿಕರಿಯಾದ ಹಾಡುಗಳು 200 ಕೋಟಿ. ಅಂದರೆ ಯಂತ್ರವೊಂದಕ್ಕೆ ಸರಾಸರಿ 22 ಹಾಡು. ಒಳಗಿರುವ ಸಂಗೀತದಲ್ಲಿ ಶೇ 3ಕ್ಕೂ ಕಡಿಮೆ. ಉಳಿದದ್ದೆಲ್ಲ ಬೀಗವಿಲ್ಲದ್ದು. ಅದೇ ಕಂಪೆನಿಗಳು 2006ರಲ್ಲಿ ಸಿ.ಡಿ.ಗಳ ಮೂಲಕ ಬೀಗವಿಲ್ಲದ 2,000 ಕೋಟಿಗೂ ಹೆಚ್ಚು ಹಾಡುಗಳನ್ನು ಮಾರಿದ್ದವು. ಹೆಬ್ಬಾಗಿಲನ್ನು ಹಾರುಹೊಡೆದು ಹಿತ್ತಲ ಕಿಟಕಿಗೆ ಚಿಲಕ ಹಾಕಿದಂತೆ. 2009ರ ಜನವರಿಯಲ್ಲಿ ಆಪಲ್ ತನ್ನ ಮಳಿಗೆಯ ಹಾಡುಗಳ ಬೀಗ ತೆಗೆಯುವುದಾಗಿ ಪ್ರಕಟಿಸಿತು. ಹಳೆಯ ಗ್ರಾಹಕರು ಮಾತ್ರ ಆಗಲೇ ಕೊಂಡಿದ್ದ ಹಾಡಿನ ಬೀಗ ತೆಗೆಸಿಕೊಳ್ಳಲು ಹಾಡಿಗೆ 30 ಸೆಂಟ್ ತೆರಬೇಕಾಯಿತು.

ಕಂಪೆನಿಗಳ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಮೆಜೆಸ್ಟಿಕ್ಕಿನ ಪಾದಚಾರಿ ಮಾರ್ಗಗಳಲ್ಲಿ ನೂರಾರು ಹಾಡುಗಳ ನಕಲಿ ಎಂಪಿ3 ಸಿ.ಡಿ.ಗಳು ರಾಶಿ ಬಿದ್ದಿರುತ್ತಿದ್ದುದನ್ನು ಬೆಂಗಳೂರಿನ ಓದುಗರು ಮರೆತಿರಲಾರರು. ಗಾಯಕರಿಗೂ ವಾದ್ಯಗಾರರಿಗೂ ಅದರಿಂದ ಬಿಡಿಗಾಸೂ ಸಿಗಲಿಲ್ಲ. ಆದರೆ ಆ ಸಿ.ಡಿ.ಗೆ ಬೀಗವೆಂಬುದೇ ಇರಲಿಲ್ಲವೆಂಬುದನ್ನೂ ನೆನೆಯಬೇಕು. ಅದನ್ನು ಕೊಂಡವನು ಯಾವ ಯಂತ್ರದಲ್ಲಾದರೂ ನಿಶ್ಚಿಂತೆಯಿಂದ ಕೇಳಿದ. ತಂತ್ರಾಂಶದ ಬೈಗುಳ ಕೇಳಬೇಕಾದವನು ರಸೀತಿ ಇಟ್ಟುಕೊಂಡವನು.

ನಮ್ಮ ಕಾನೂನು ಏನನ್ನುತ್ತದೆ? ಅಮೆರಿಕದ 1998ರ ಕಾಯ್ದೆಯಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೀಗ ಮುರಿಯುವುದೇ ತಪ್ಪು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಇಷ್ಟು ಕಟುವಲ್ಲ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ; ಕಾಯ್ದೆ ನಿಷೇಧಿಸದ ಉದ್ದೇಶಕ್ಕಾದರೆ ಅಡ್ಡಿಯಿಲ್ಲ. ಖಾಸಗಿ ಬಳಕೆಯ ನ್ಯಾಯೋಚಿತ ವ್ಯವಹಾರಕ್ಕೆ 52ನೇ ಕಲಮಿನಲ್ಲಿ ಆಸ್ಪದವಿದೆ. ಈ ವಿವೇಕಕ್ಕಾಗಿ ನಮ್ಮ ಶಾಸಕಾಂಗವನ್ನು ಮೆಚ್ಚಲೇಬೇಕು. ಆದರೆ ಬೀಗ ಮುರಿಯಲು ನೆರವಾದವರು ನೆರವು ಪಡೆದವನ ಹೆಸರು, ವಿಳಾಸ, ಉದ್ದೇಶಗಳನ್ನು ದಾಖಲಿಸಿಡಬೇಕೆಂಬ ಷರತ್ತೂ ಅಲ್ಲಿದೆ. ನೆರೆಮನೆಯ ಹುಡುಗ ಯಾವ ಖಾತೆಪುಸ್ತಕ ಇಡಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಬೀಗ ಮುರಿದರೆ ಶಿಕ್ಷೆ ಇಲ್ಲವೆಂದು ಹೇಳುವ ಈ ಕಾಯ್ದೆ, ಕೀಲಿ ಕೊಡಿ ಎಂದು ತಯಾರಕನನ್ನು ಕೇಳುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿಲ್ಲ. ನನ್ನ ತಕರಾರು ಇಲ್ಲಿದೆ. ವಸ್ತು ಮಾರುವವನು ಗ್ರಾಹಕನದೇ ಕಡತಗಳನ್ನು ಹೊರತೆಗೆಯುವ ದಾರಿಯನ್ನೂ ಒದಗಿಸಬೇಕೆಂದು ಕಾಯ್ದೆ ವಿಧಿಸಬೇಕು. ಸೇವೆ ನಿಲ್ಲಿಸುವ ದಿನ ಕೀಲಿಯನ್ನು ಒಪ್ಪಿಸಿ ಹೋಗಬೇಕು.

ಇದೆಲ್ಲ ಹಳೆಯ ಯಂತ್ರಗಳ ಗೋಳು, ಕೊನೆಯ ಐಪಾಡ್ ಕೂಡ 2022ರಲ್ಲಿ ನಿಂತುಹೋಯಿತಲ್ಲ ಎನ್ನುವವರಿದ್ದಾರೆ. ಬೀಗ ನಿಂತಿಲ್ಲ, ಜಾಗ ಬದಲಿಸಿದೆ. 2024ರ ಆಗಸ್ಟ್‌ನಲ್ಲಿ ವಿಂಕ್ ಮ್ಯೂಸಿಕ್ ಮುಚ್ಚುವುದಾಗಿ ಏರ್‌ಟೆಲ್ ಪ್ರಕಟಿಸಿತು. ಅದರೊಳಗೆ 'ಡೌನ್‌ಲೋಡ್' ಮಾಡಿಟ್ಟುಕೊಂಡ ಹಾಡಿಗೆ ಆ ಆ್ಯಪ್‌ನ ಆಚೆ ಬದುಕಿರಲಿಲ್ಲ. ಅದು ಬಾಡಿಗೆ, ಖರೀದಿಯಲ್ಲ ಎಂಬ ಸಮಜಾಯಿಷಿ ನ್ಯಾಯವಾದದ್ದೇ. ಹಾಗಿದ್ದರೆ ಅದನ್ನು ಮೊದಲೇ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಡಿಜಿಟಲ್ ಸರಕು ಮಾರುವವರು ಕೊಡುತ್ತಿರುವುದು ಬರಿಯ ಪರವಾನಗಿ ಎಂದು ತಿಳಿಸದೆ 'ಖರೀದಿ' ಎಂಬ ಪದ ಬಳಸುವಂತಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಫ್ಲಿಪ್‌ಕಾರ್ಟ್ 2012ರಲ್ಲಿ ತೆರೆದ ಫ್ಲೈಟ್ ಎಂಬ ಸಂಗೀತ ಮಳಿಗೆ ಮಾರಿದ್ದು ಬೀಗವಿಲ್ಲದ ಎಂಪಿ3ಗಳನ್ನು. ಮರುವರ್ಷವೇ ಅದು ಮುಚ್ಚಿತು, ಆದರೆ ಆಗ ಇಳಿಸಿಕೊಂಡವರ ಬಳಿ ಹಾಡುಗಳು ಉಳಿದವು.

ನನ್ನ ಯಂತ್ರದ ವಿಷಯ. ನೆರೆಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿ ಒಂದು ಭಾನುವಾರ ಬಂದು, ಅಡಗಿದ್ದ ಕಡತಕೋಶಗಳನ್ನು ಕಾಣುವಂತೆ ಮಾಡಿ, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ನಕಲು ಮಾಡಿಕೊಟ್ಟ. ಕಾಫಿ ಬಿಟ್ಟರೆ ಏನನ್ನೂ ಮುಟ್ಟಲಿಲ್ಲ. ಕಡತಗಳ ಹೆಸರು ಕಲಸಿಹೋಗಿದ್ದರಿಂದ ಒಂದೊಂದನ್ನೂ ಕೇಳಿ ಗುರುತಿಸಬೇಕಾಯಿತು. ಅಮ್ಮನ ಹತ್ತು ಹಾಡುಗಳಿಗೆ ಹೆಸರಿಟ್ಟು ಮೂರು ಕಡೆ ಉಳಿಸಿದ್ದೇನೆ, ಮೈಸೂರಿನಲ್ಲಿರುವ ಅಕ್ಕನಿಗೂ ಕಳಿಸಿದ್ದೇನೆ. ಹನ್ನೊಂದನೆಯದು ಎರಡು ಸಾಲಿಗೇ ತುಂಡಾಗಿದೆ. ಅದು ಯಾವ ಹಾಡೆಂದು ಅಕ್ಕನಿಗೂ ಗೊತ್ತಾಗಲಿಲ್ಲ. ಯಂತ್ರ ಕೊಟ್ಟ ನಾಲ್ಕಕ್ಷರದ ಹೆಸರಿನಲ್ಲೇ ಅದನ್ನು ಹಾಗೇ ಇಟ್ಟಿದ್ದೇನೆ.