ಐವತ್ತು ವಾಟ್ ಸಾಕು: ಆಕ್ಷೇಪಿಸಿದವರಿಗೆ ನನ್ನ ಉತ್ತರ

ಮನೆಯಲ್ಲಿ ಹಾಡು ಕೇಳುವ ಸ್ಪೀಕರ್ ಜೋಡಿಗೆ ಒಂದೊಂದು ಕಡೆಗೆ 50 ವಾಟಿನ ಸಾಚಾ ಆಂಪ್ಲಿಫೈಯರ್ ಸಾಕು ಎಂದು ನಾನು ಹೇಳಿದ್ದು ನಮ್ಮ ಜಿಲ್ಲೆಯ ಹಲವರಿಗೆ ಹಿಡಿಸಿಲ್ಲ. ಇಂಡಿಯಿಂದ ಒಬ್ಬರು, ಸಿಂದಗಿಯಿಂದ ಇಬ್ಬರು, ಮುದ್ದೇಬಿಹಾಳದಿಂದ ಡಾಲ್ಬಿ ಬಾಡಿಗೆಗೆ ಕೊಡುವ ಒಬ್ಬ ತರುಣ, ಬಸವನ ಬಾಗೇವಾಡಿಯಿಂದ ನಿವೃತ್ತ ಮಾಸ್ತರರೊಬ್ಬರು ತಮ್ಮ ತಮ್ಮ ತಕರಾರು ತಿಳಿಸಿದ್ದಾರೆ. ಎಲ್ಲರೂ ಅನುಭವದಿಂದ ಮಾತಾಡಿದವರೇ. ಆದರೂ ನಾನು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಏಕೆಂದು ಒಬ್ಬೊಬ್ಬರಿಗೂ ಹೇಳುತ್ತೇನೆ.

ಮೊದಲು ಮುದ್ದೇಬಿಹಾಳದ ತರುಣ. "ಕಾಕಾ, ನಿಮ್ಮ ಐವತ್ತು ವಾಟ್ ಒಂದ್ ಬಾಕ್ಸಿಗೂ ಸಾಲೂದಿಲ್ರಿ. ನಾವು ಸಾವಿರದ ಕೆಳಗ ಇಳಿಯೂದಿಲ್ಲ" ಎಂದ. ಅವನ ಕೆಲಸಕ್ಕೆ ಅವನ ಮಾತು ಸರಿ. ಜಾತ್ರೆಯ ಬಯಲಿನಲ್ಲಿ ಗೋಡೆಗಳಿಲ್ಲ, ಕೇಳುವವರು ಐವತ್ತು ಮೀಟರ್ ಆಚೆ ನಿಂತಿರುತ್ತಾರೆ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ 6 ಡೆಸಿಬೆಲ್ ಸೋರಿಹೋಗುತ್ತದೆ. ಪಡಸಾಲಿಯ ಲೆಕ್ಕವೇ ಬೇರೆ. ನಮ್ಮ ಕಡೆ ಕಲ್ಲಿನ ಗೋಡೆ, ಕಾಲ ಕೆಳಗೆ ಶಹಾಬಾದ ಫರಸಿ. ಸದ್ದು ಎಲ್ಲಿಗೂ ಓಡಿಹೋಗುವುದಿಲ್ಲ, ತಿರುಗಿ ಬಂದು ಕಿವಿಗೇ ಬೀಳುತ್ತದೆ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಬದಿಯ ಪಿಸುಮಾತು ಆ ಬದಿಗೆ ಕೇಳುವುದನ್ನು ಶಾಲೆಯ ಪ್ರವಾಸದಲ್ಲೇ ಕಂಡವರು ನಾವು. ಅಲ್ಲಿ ಯಾರೂ ವಾಟ್ ಹಚ್ಚಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಸೆನ್ಸಿಟಿವಿಟಿ ಎಂದು ಒಂದು ಸಾಲು ಇರುತ್ತದೆ. 87 ಡೆಸಿಬೆಲ್ ಎಂದಿದ್ದರೆ, 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಎಂದರ್ಥ. ನೀವು ಮೂರು ಮೀಟರ್ ದೂರದಲ್ಲಿ ಕೂತಿದ್ದೀರಿ ಎನ್ನಿ. ಗೋಡೆಗಳು ಮರಳಿಸಿದ್ದನ್ನು ಹಿಡಿದರೆ ನಮ್ಮಂಥ ಕೋಣೆಯಲ್ಲಿ ಕಳೆಯುವುದು ಸುಮಾರು 5. ಸ್ಪೀಕರ್ ಎರಡಿರುವುದರಿಂದ 3 ಕೂಡುತ್ತದೆ. ಅಲ್ಲಿಗೆ ಒಂದೊಂದು ವಾಟಿಗೆ ನಿಮ್ಮ ಕುರ್ಚಿಯ ಹತ್ತಿರ 85 ಡೆಸಿಬೆಲ್. ಇಬ್ಬರು ಎದುರುಬದುರು ಕೂತು ಮಾತಾಡಿದರೆ 60ರ ಆಸುಪಾಸು ಇರುತ್ತದೆ. 85 ಎಂದರೆ ಮಾತಾಡಲು ದನಿ ಏರಿಸಬೇಕಾದಷ್ಟು ಜೋರು. ತಬಲಾದ ಪೆಟ್ಟು, ಡಪ್ಪಿನ ಹೊಡೆತ ಸರಾಸರಿಗಿಂತ 15 ಡೆಸಿಬೆಲ್ ಮೇಲಕ್ಕೆ ಜಿಗಿಯುತ್ತದೆ ಎಂದು ಹಿಡಿಯಿರಿ. 100 ಡೆಸಿಬೆಲ್ ಮುಟ್ಟಲು ಬೇಕಾಗುವುದು 32 ವಾಟ್. ಸಾವಿರ ಎಲ್ಲಿಂದ ಬಂತು?

ಬಾಕ್ಸಿನ ಬೆನ್ನಿಗೆ 100 ವಾಟ್ ಎಂದು ಬರೆದಿದೆಯಲ್ಲ ಎಂದೂ ಅವನು ಕೇಳಿದ. ಅದು ಸ್ಪೀಕರ್ ತಾಳಿಕೊಳ್ಳುವ ಶಕ್ತಿ. ಚಕ್ಕಡಿ ಇಪ್ಪತ್ತು ಚೀಲ ತಡೆಯುತ್ತದೆ ಎಂದರೆ ಹೊಲಕ್ಕೆ ಹೋದಾಗಲೆಲ್ಲ ಇಪ್ಪತ್ತು ಚೀಲ ಹೇರಬೇಕೆಂದಲ್ಲ.

32 ಸಾಕಾದರೆ 50 ಏಕೆ? ಇದನ್ನು ನನಗೆ ಯಾರೂ ಕೇಳಲಿಲ್ಲ, ಕೇಳಬೇಕಾಗಿದ್ದ ಪ್ರಶ್ನೆ ಇದೇ. ಉತ್ತರ ನಮ್ಮ ಕರೆಂಟಿನಲ್ಲಿದೆ. ಹಳ್ಳಿಯ ಕಡೆ ಪಂಪ್‌ಸೆಟ್‌ಗಳು ಚಾಲೂ ಆದವೆಂದರೆ 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿಯುವುದು ನಮಗೆ ಹೊಸದಲ್ಲ. ಸಾದಾ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರಿನಲ್ಲಿ ಹೊರಗಿನ ವೋಲ್ಟೇಜ್ ಇಳಿದಷ್ಟೇ ಒಳಗಿನದೂ ಇಳಿಯುತ್ತದೆ. ವಾಟ್ ಮಾತ್ರ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. 180ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: 0.61. ಮಧ್ಯಾಹ್ನ ಅಂಗಡಿಯಲ್ಲಿ 50 ವಾಟ್ ಕೊಟ್ಟ ಪೆಟ್ಟಿಗೆ ಸಂಜೆ ನಿಮ್ಮ ಮನೆಯಲ್ಲಿ ಕೊಡುವುದು 31. ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳಲ್ಲಿ ಈ ಲೆಕ್ಕ ಇರುವುದಿಲ್ಲ. ನಮಗೆ ಇದೇ ಮುಖ್ಯ. ವೋಲ್ಟೇಜ್ ಎಷ್ಟೇ ಏರಿಳಿದರೂ ಒಳಗೆ ಒಂದೇ ಮಟ್ಟ ಕಾಯ್ದುಕೊಳ್ಳುವ ಎಸ್‌ಎಂಪಿಎಸ್ ಇರುವ ಕ್ಲಾಸ್-ಡಿ ಪೆಟ್ಟಿಗೆ ಸಿಕ್ಕರೆ 35-40 ವಾಟಿಗೇ ಕೆಲಸ ಮುಗಿಯುತ್ತದೆ.

ಸಿಂದಗಿಯ ಮೊದಲನೆಯವರು ಆ ತರುಣನಿಗೆ ಪೂರ್ತಿ ಉಲ್ಟಾ. "ಸ್ಪೀಕರ್ ನಲವತ್ತು ವಾಟಿಂದು ಇದ್ರ ಆಂಪ್ಲಿ ಇಪ್ಪತ್ತರದ್ದ ಇರಬೇಕ್ರಿ, ಇಲ್ಲಾಂದ್ರ ಸುಟ್ಟು ಹೊಕ್ಕಾವು" ಎನ್ನುತ್ತಾರೆ. ಈ ನಂಬಿಕೆ ಮನೆಮನೆಯಲ್ಲಿದೆ, ಸ್ಪೀಕರ್ ಸುಡುವುದಕ್ಕೂ ಬಹಳ ಸಲ ಇದೇ ಕಾರಣ.

ನನ್ನ ಮೇಜಿನ ಮೇಲೆ ಈಗಲೂ ಒಂದು ಟ್ವೀಟರ್ ಇದೆ. ಒಳಗಿನ ಕಾಯಿಲ್ ಕೂದಲೆಳೆಯಂಥ ತಾಮ್ರದ ತಂತಿ, ಕಿರುಬೆರಳಿಗೆ ಉಂಗುರವಾಗುವಷ್ಟು ಅಗಲ. ಭೂತಗನ್ನಡಿ ಹಿಡಿದು ನೋಡಿದರೆ ಒಂದು ಕಡೆ ಮೆರುಗು ಕಪ್ಪಾಗಿ ಉಬ್ಬಿದೆ, ಅಲ್ಲಿಯೇ ತಂತಿ ಕಡಿದಿದೆ. ಮೂಸಿದರೆ ಸುಟ್ಟ ವಾರ್ನಿಷಿನ ವಾಸನೆ ಇನ್ನೂ ಹೋಗಿಲ್ಲ. ಇದನ್ನು ಸುಟ್ಟದ್ದು ದೊಡ್ಡ ಆಂಪ್ಲಿಫೈಯರ್ ಅಲ್ಲ, 15 ವಾಟಿನ ಸಣ್ಣದು. ಅದು ಮಾಡಿದ್ದಿಷ್ಟು: ಮದುವೆ ಮನೆಯಲ್ಲಿ ವಾಲ್ಯೂಮ್ ಕೊನೆಯ ತನಕ ತಿರುಗಿಸಿದರು. ಸಣ್ಣ ಆಂಪ್ಲಿಫೈಯರಿಗೆ ಅಲೆಯ ತುದಿ ಮುಟ್ಟುವ ವೋಲ್ಟೇಜ್ ಇಲ್ಲ, ತಲೆ ಕತ್ತರಿಸಿ ಚಪ್ಪಟೆ ಮಾಡಿ ಕಳಿಸಿತು. ಬೇಸ್ ಇನ್ನು ಮೇಲೆ ಏರಲಾರದು, ಆದರೆ ಎತ್ತರದ ಸ್ವರಗಳು ಇನ್ನೂ ಏರುತ್ತಲೇ ಇರುತ್ತವೆ. ಕತ್ತರಿಸಿದ ಅಲೆ ತನ್ನದೇ ಕರ್ಕಶವನ್ನೂ ಅದಕ್ಕೆ ಸೇರಿಸುತ್ತದೆ. ಅದೆಲ್ಲ ಹೋಗಿ ಬೀಳುವುದು ಈ ಕೂದಲೆಳೆಯ ಮೇಲೆ. 50 ವಾಟಿನ ಪೆಟ್ಟಿಗೆ ಅದೇ ಮಟ್ಟದಲ್ಲಿ ನಿರಾಳವಾಗಿ ಹಾಡುತ್ತಿತ್ತು, ಟ್ವೀಟರ್ ಉಳಿಯುತ್ತಿತ್ತು. ಒಂದು ಮಾತು ಒಪ್ಪುತ್ತೇನೆ: ಹುಡುಗರ ಕೈಗೆ 300 ವಾಟಿನ ಪೆಟ್ಟಿಗೆ ಕೊಟ್ಟು ಹೊರಗೆ ಹೋದರೆ ಅದೂ ಸುಡುತ್ತದೆ, ಆಗ ಸುಡುವುದು ವೂಫರ್.

ಸಿಂದಗಿಯ ಎರಡನೆಯವರು ಅಂಗಡಿಯಲ್ಲಿ ಆಂಪ್ಲಿಫೈಯರ್ ಜೋಡಿಸಿ ಮಾರುತ್ತಾರೆ. ನಾನು ಊರಲ್ಲಿ ಜೋಡಿಸಿದ್ದನ್ನು ಹಳಿದೆ ಎಂದು ಅವರಿಗೆ ನೋವಾಗಿದೆ. ಹಳಿದಿಲ್ಲ. ಕಂಪನಿಯ ಹೆಸರಿಗೆ ದುಡ್ಡು ಸುರಿಯುವುದಕ್ಕಿಂತ ಒಳ್ಳೆಯ ಕೈಯ ಮೇಸ್ತ್ರಿ ಜೋಡಿಸಿದ್ದೇ ವಾಸಿ ಎಂದು ಇವತ್ತೂ ಹೇಳುತ್ತೇನೆ. ಕೆಟ್ಟರೆ ಅದೇ ಊರಲ್ಲಿ ರಿಪೇರಿ ಆಗುತ್ತದೆ. ನನ್ನ ಜಗಳ ಮುಂದಿನ ಫಲಕದ ಮೇಲಿನ ಸಂಖ್ಯೆಯ ಜೊತೆ. 5200-1943 ಜೋಡಿ ಟ್ರಾನ್ಸಿಸ್ಟರಿನ ಬೋರ್ಡು, 24-0-24ರ 5 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಮೇಲೆ 1000 ವಾಟ್ ಎಂಬ ಚೀಟಿ. 48ನ್ನು 5ರಿಂದ ಗುಣಿಸಿ: 240. ಗೋಡೆಯಿಂದ ಒಳಗೆ ಬರುವುದೇ ಅಷ್ಟಾದರೆ ಹೊರಗೆ ಸಾವಿರ ಹೋಗುವುದು ಹೇಗೆ? ಆ ಟ್ರಾನ್ಸ್‌ಫಾರ್ಮರಿನಿಂದ 8 ಓಮಿಗೆ ಒಂದೊಂದು ಕಡೆ 50-55 ವಾಟ್ ನಿಜವಾಗಿ ಬರುತ್ತದೆ, ಅದು ಒಳ್ಳೆಯ ಆಂಪ್ಲಿಫೈಯರ್. ಹಾಗೆಂದೇ ಬರೆಯಲಿ. ಪಿಎಂಪಿಒ ಎಂದು ನಾಲ್ಕಂಕಿ ಅಚ್ಚು ಹಾಕಿದ ಡಬ್ಬಿಗಳ ಕಥೆ ಇನ್ನೂ ಕೆಟ್ಟದ್ದು: ಅದರ ಅಡಾಪ್ಟರ್ ತಿರುಗಿಸಿ ನೋಡಿದರೆ 12 ವೋಲ್ಟ್, 2 ಆಂಪಿಯರ್ ಎಂದಿರುತ್ತದೆ. ಒಟ್ಟು 24 ವಾಟ್.

ಇಂಡಿಯವರದು ಸಣ್ಣ ವಾಕ್ಯ: "ಓಮ್ ಯಾರ ನೋಡ್ತಾರ್ರಿ, ವೈರ್ ಕೂತ್ರ ಮುಗೀತು." ಇದು ಎಲ್ಲಕ್ಕಿಂತ ಅಪಾಯದ ಮಾತು. 8 ಓಮಿನ ಆಂಪ್ಲಿಫೈಯರಿಗೆ 8 ಓಮಿನ ಜೋಡಿ ಹಚ್ಚಿ, ಅಡುಗೆಮನೆಗೂ ಹಾಡು ಬೇಕೆಂದು ಅದೇ ಟರ್ಮಿನಲ್ಲಿಗೆ ಇನ್ನೊಂದು ಜೋಡಿ ಸಿಕ್ಕಿಸಿದರೆ ಅದು 4 ಓಮ್ ಆಯಿತು. ಕರೆಂಟ್ ಎರಡು ಪಟ್ಟು, ಬಿಸಿಯೂ ಹಾಗೆಯೇ. ಅದೂ ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ, ನೆರಳಲ್ಲೇ 40 ಡಿಗ್ರಿ ದಾಟಿರುವಾಗ, ಗಾಜಿನ ಶೋಕೇಸಿನೊಳಗೆ, ಹೀಟ್‌ಸಿಂಕಿನ ಸಂದಿಗಳಲ್ಲಿ ಎರೆಮಣ್ಣಿನ ಧೂಳು ಕೂತಿರುವಾಗ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಒಳಗಿನ ಡಿಸಿ ನೇರ ಸ್ಪೀಕರಿಗೆ ಹರಿಯುತ್ತದೆ. ಆದ್ದರಿಂದಲೇ ಸ್ಪೀಕರ್ ಕಾಯುವ ರಿಲೇ ಇರುವ ಆಂಪ್ಲಿಫೈಯರ್ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು. ಚಾಲೂ ಮಾಡಿದ ಒಂದೆರಡು ಸೆಕೆಂಡಿಗೆ "ಟಕ್" ಎಂದು ಕೇಳಿಸುತ್ತದಲ್ಲ, ಅದೇ. ಹಳೆಯ ಬಾಕ್ಸಿನ ಓಮ್ ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ: 6ರ ಹತ್ತಿರ ತೋರಿಸಿದರೆ 8 ಓಮಿನದು, ಮೂರೂವರೆಯ ಹತ್ತಿರ ತೋರಿಸಿದರೆ 4ರದ್ದು.

ಗುಡಿಯಲ್ಲಿ ಖಾಲಿ ಬಿದ್ದ ಮೈಕ್ ಸೆಟ್ಟಿನ ಆಂಪ್ಲಿಫೈಯರನ್ನೇ ಮನೆಗೆ ಹಚ್ಚಿದರಾಗದೇ ಎಂದೂ ಅವರೇ ಕೇಳಿದ್ದಾರೆ. ಅದರ ಬೆನ್ನಿಗೆ 4, 8, 16 ಓಮಿನ ಸ್ಕ್ರೂಗಳ ಪಕ್ಕದಲ್ಲೇ 100 ವೋಲ್ಟ್ ಎಂಬ ಸ್ಕ್ರೂ ಇರುತ್ತದೆ, ದೂರದ ಹಾರ್ನ್‌ಗಳಿಗೆ ತಂತಿ ಎಳೆಯಲು. ಮನೆಯ 8 ಓಮಿನ ಸ್ಪೀಕರನ್ನು ಅದಕ್ಕೆ ಹಚ್ಚಿದರೆ ಅದು 1250 ವಾಟ್ ಎಳೆಯಲು ಹೊರಟಂತೆ. ಒಂದೋ ಸ್ಪೀಕರ್ ಹೋಗುತ್ತದೆ, ಇಲ್ಲ ಆಂಪ್ಲಿಫೈಯರ್. ಸಾಲದ್ದಕ್ಕೆ ಅಂಥವು ಬಹುತೇಕ ಮೋನೊ, ಮಾತು ದೂರಕ್ಕೆ ಮುಟ್ಟಿಸಲು ಮಾಡಿದವು. ಗುಡಿಯದು ಗುಡಿಯಲ್ಲೇ ಇರಲಿ.

ದುಬಾರಿ ಕೇಬಲ್ ಬೇಕೇ ಬೇಕು ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿ, ಐದು ಮೀಟರ್ ಹೋಗಿ ಐದು ಮೀಟರ್ ಬಂದರೆ 0.12 ಓಮ್ ಕೂಡ ಇಲ್ಲ. 8 ಓಮಿನ ಮುಂದೆ ಅದು ಕಿವಿಗೆ ಗೊತ್ತಾಗುವುದಿಲ್ಲ.

ಇನ್ನು ಬಾಗೇವಾಡಿಯ ಮಾಸ್ತರರು. ಅವರು ಗುರುಸಮಾನರು, ಅವರ ಮಾತು ನನ್ನನ್ನು ಹೆಚ್ಚು ಹೊತ್ತು ಕಾಡಿದೆ. "ಇಷ್ಟೆಲ್ಲ ಯಾಕಪ್ಪಾ? ಫೋನಿಗೆ ಒಂದು ಬ್ಲೂಟೂತ್ ಡಬ್ಬಿ ಹಚ್ಚಿದರ ಪ್ರವಚನ ಕೇಳತೈತಿ. ನನಗ ಅಷ್ಟ ಸಾಕು" ಎಂದರು. ಸರ್, ಪ್ರವಚನಕ್ಕೇ ಅದು ಸಾಲದು ಎನ್ನುವುದು ನನ್ನ ವಿನಂತಿ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟರು. ಈಗ ನಮಗೆ ಉಳಿದಿರುವುದು ಅವರ ಧ್ವನಿಮುದ್ರಣಗಳು. ಅವರು ಕೂಗಿ ಹೇಳಿದವರಲ್ಲ. ಎರಡು ಮಾತಿನ ನಡುವೆ ಬಿಟ್ಟ ಮೌನವೂ ಆ ಪ್ರವಚನದ ಭಾಗ. ಬೇಸ್ ಉಬ್ಬಿಸಿದ ಡಬ್ಬಿಯಲ್ಲಿ ಆ ದನಿ ಮಂಕಾಗಿ ಗುಂಯ್‌ಗುಡುತ್ತದೆ. ಒಳ್ಳೆಯ ಜೋಡಿಯ ನಡುವೆ, ಅರ್ಧ ವಾಟೂ ಖರ್ಚಾಗದ ಸಣ್ಣ ಸದ್ದಿನಲ್ಲಿ ಕೇಳಿ ನೋಡಿ. ಎದುರಿಗೆ ಕೂತು ಹೇಳಿದಂತಿರುತ್ತದೆ.

ಹಾಡಿಗೂ ಇದೇ ಮಾತು. ಹಲಸಂಗಿಯ ಗೆಳೆಯರು ನಮ್ಮ ತಾಯಂದಿರ ತ್ರಿಪದಿಗಳನ್ನು ಕೂಡಿಸಿ "ಗರತಿಯ ಹಾಡು" ತಂದದ್ದು 1931ರಲ್ಲಿ. ಅಂಥ ಹಾಡನ್ನು ಇವತ್ತು ಯಾರಾದರೂ ಮುದುಕಿ ಹಾಡಿ ರೆಕಾರ್ಡ್ ಆದರೆ ಅದರಲ್ಲಿ ಇರುವುದು ಒಂದು ಕೊರಳು, ಒಂದು ಉಸಿರು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಣದಲ್ಲಿ ಹಿಂದೆ ಮಿಡಿಯುವ ತಂಬೂರಿಯನ್ನು ಎದೆ ಗುದ್ದುವ ಬೇಸ್ ನುಂಗಿಬಿಡುತ್ತದೆ. ಗೋಡೆಗೆ ಒಂದು ಹಳೆಯ ಕೌದಿ ತೂಗುಬಿಟ್ಟು ಫರಸಿಯ ಮೇಲೆ ಜಮಖಾನೆ ಹಾಸಿದರೆ ಸಿಗುವ ಲಾಭ ಇನ್ನೂ ನೂರು ವಾಟ್ ಕೂಡಿಸಿದರೂ ಸಿಗುವುದಿಲ್ಲ.

ಆದ್ದರಿಂದ ಮೊದಲು ಸ್ಪೀಕರ್ ಆರಿಸಿ, ಆಮೇಲೆ ಆಂಪ್ಲಿಫೈಯರ್. 84 ಡೆಸಿಬೆಲ್ಲಿನ ಸ್ಪೀಕರ್ ತಂದರೆ 87ಕ್ಕೆ ಬೇಕಾದದ್ದರ ಎರಡು ಪಟ್ಟು ವಾಟ್ ಬೇಕು, 90ರದ್ದು ತಂದರೆ ಅರ್ಧ ಸಾಕು. ಅಂಗಡಿಗೆ ಹೊರಡುವ ಮುಂಚೆ ಸ್ಪೀಕರಿನ ಬೆನ್ನಿನ ಚೀಟಿಯ ಫೋಟೊ ತೆಗೆದುಕೊಳ್ಳಿ, ಕುರ್ಚಿಯಿಂದ ಬಾಕ್ಸಿನ ದೂರ ಅಳೆದುಕೊಳ್ಳಿ, ಮೂರು ದಿನ ಸಂಜೆ ಏಳಕ್ಕೆ ಮನೆಯ ವೋಲ್ಟೇಜ್ ನೋಡಿ ಬರೆದಿಟ್ಟುಕೊಳ್ಳಿ. ಅಂಗಡಿಯವರು ಎಷ್ಟು ವಾಟ್ ಬೇಕೆಂದು ಕೇಳಿದಾಗ ಇದನ್ನೆಲ್ಲ ತೋರಿಸಿ, ನಿಮಗೆ ಗೊತ್ತಿರುವ ಹಾಡನ್ನು ಅರ್ಧ ತಾಸು ಹಚ್ಚಿಸಿ, ಆಮೇಲೆ ಹೀಟ್‌ಸಿಂಕ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಟ್ಟರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.